ಜೊಂಡುಗುಮ್ಮನ ಸಣ್ಣ ಕೂಗು

ಬೇರೆ ಊರುಗಳಲ್ಲಿ ಮಳೆಗಾಲ ಬಂತೆಂದರೆ ಅಂಗಡಿಯವರು ಕೊಡೆ ತೂಗುಹಾಕುತ್ತಾರೆ, ನಮ್ಮೂರಿನಲ್ಲಿ ಹತ್ತಿ ತೂಗುಹಾಕುತ್ತಾರೆ. ಕಿರಾಣಿ ಅಂಗಡಿ, ಬೀಡಾ ಅಂಗಡಿ, ಕಡೆಗೆ ಕ್ಷೌರದಂಗಡಿಯ ಬಾಗಿಲಲ್ಲೂ ಕಿವಿಯ ಅಳತೆಗೆ ಹೊಸೆದ ಹತ್ತಿಯುಂಡೆಗಳ ಸಣ್ಣ ಚೀಲಗಳು. ಎಣ್ಣೆ ಸವರಿದ್ದು ಬೇಕೋ, ಮೇಣ ಸವರಿದ್ದು ಬೇಕೋ ಎಂದು ಕೇಳಿ ಕೊಡುತ್ತಾರೆ. ಅದೇ ಹೊತ್ತಿಗೆ ನನ್ನ ನೌಕರಿಯೂ ಶುರುವಾಗುತ್ತಿತ್ತು. ಮೊದಲ ಮಳೆಯಿಂದ ದೀಪಾವಳಿಯವರೆಗೆ ನಾನು ಜೌಗು ಕಚೇರಿಯ ಪ್ರಚಾರದವಳಾಗಿದ್ದೆ. ಜೀಪಿನಲ್ಲಿ ಮೈಕು ಹಿಡಿದು ಕೂತು, ಸುತ್ತಲಿನ ಊರುಗಳ ಬಸ್‌ಸ್ಟ್ಯಾಂಡು, ಸಂತೆ, ಶಾಲೆಗಳ ಮುಂದೆ 'ಬನ್ನಿ, ಕೇಳಿ, ಉಳಿಸಿ' ಎಂದು ಕೂಗುವುದು ನನ್ನ ಕೆಲಸವಾಗಿತ್ತು. ಉಳಿದ ತಿಂಗಳುಗಳಲ್ಲಿ ಇದೇ ಗಂಟಲಿನಿಂದ ಸೀರೆಗಳ ರಿಯಾಯಿತಿ ಮಾರಾಟ, ಸರ್ಕಸ್ಸು, ಯಾರಾದರೂ ದೊಡ್ಡವರು ತೀರಿಕೊಂಡ ಸುದ್ದಿ, ಎಲ್ಲವನ್ನೂ ಸಾರುತ್ತಿದ್ದೆ. ಕಿವಿ ಮುಚ್ಚಿಕೊಂಡ ಊರಿನವಳು ಊರೂರಿಗೆ ಹೋಗಿ ಕೇಳಿ ಎನ್ನುತ್ತಿದ್ದೆ. ನಗುವವರು ನಗಬಹುದು, ನಾನು ಮೊದಲ ವರ್ಷವೇ ನಕ್ಕು ಮುಗಿಸಿದ್ದೇನೆ.

ಜೌಗಿನಲ್ಲಿ ಯಾವುದೋ ಒಂದು ಜಾತಿಯ ಕೊನೆಯ ಜೀವ ಸತ್ತರೆ, ಅದರ ಕೂಗನ್ನು ಎಲ್ಲರಿಗಿಂತ ಕಡೆಗೆ ಕೇಳಿದವರು ಯಾರೋ, ಮರುದಿನ ಬೆಳಗ್ಗೆ ಅವರ ಗಂಟಲಿಗೆ ಆ ಕೂಗು ಬರುತ್ತದೆ. ಬಂದ ಮೇಲೆ ಮಾತು ಇರುವುದಿಲ್ಲ. ನಮ್ಮಪ್ಪ ಡಂಗುರ ಸಾರುವವನಾಗಿದ್ದ. ನಾನು ಲಂಗ ತೊಡುವ ವಯಸ್ಸಿನವಳಿದ್ದಾಗ ಒಂದು ಬೆಳಗ್ಗೆ ಬಿಸಿನೀರು ಕೇಳಲು ಬಾಯಿ ತೆರೆದವನು ಅರಿಶಿಣಗಪ್ಪೆಯ ಹಾಗೆ ವಟಗುಟ್ಟಿದ. ಚೇಷ್ಟೆ ಮಾಡುತ್ತಿದ್ದಾನೆಂದು ಅವ್ವ ನಕ್ಕಳು. ಅಪ್ಪ ಮತ್ತೆ ಬಾಯಿ ತೆರೆದ, ಮತ್ತೆ ಅದೇ. ಅವ್ವ ನಗುತ್ತಲೇ ಇದ್ದಳು, ಆಮೇಲೆ ನಿಲ್ಲಿಸಿದಳು. ಈಗ ಅವ್ವ ಇಲ್ಲ. ಅಪ್ಪನ ಕೂಗುಗಳಲ್ಲಿ ಚಹಾ ಯಾವುದು, ಬೆನ್ನುನೋವು ಯಾವುದು, ನನ್ನ ಮೇಲಿನ ಸಿಟ್ಟು ಯಾವುದು ನನಗೆ ತಿಳಿಯುತ್ತದೆ. ಇಂಥವರು ಊರಿನಲ್ಲಿ ಅಲ್ಲಲ್ಲಿ ಇದ್ದಾರೆ. ಗಿರಣಿಯ ರುದ್ರಗೌಡ ನೀರುಹಕ್ಕಿಯ ಹಾಗೆ ಕಿರುಚಿದರೂ ಗಿರಣಿಯ ಸದ್ದಿನಲ್ಲಿ ಗೊತ್ತಾಗುವುದಿಲ್ಲ, ಹಿಟ್ಟು ಎಂದಿನಂತೆ ನುಣ್ಣಗೇ ಬರುತ್ತದೆ. ಜನ ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ, ನನಗೆ ಮೈ ಉರಿಯುವುದೂ ಅದಕ್ಕೇ.

ಯಾಕೆಂದರೆ ಹೊಂದಿಕೊಂಡಿದ್ದು ಹೇಗೆ ನೋಡಿ. ಒಂದು ಹಕ್ಕಿಯೋ ಕಪ್ಪೆಯೋ ಅಪರೂಪವಾಗತೊಡಗಿದ ಕೂಡಲೇ ಊರು ಹತ್ತಿ ಇಟ್ಟುಕೊಳ್ಳುತ್ತದೆ. ಆ ಕಡೆ ದನ ಹೊಡೆಯುವುದಿಲ್ಲ, ಜೊಂಡು ಕೊಯ್ಯುವುದಿಲ್ಲ, ಯಾರೂ ಸುಳಿಯುವುದಿಲ್ಲ. ಸುಳಿಯುವವರು ಹಿಡಿದು ಮಾರುವ ಬಲೆಯವರು ಮಾತ್ರ, ಅವರೂ ಹತ್ತಿ ಇಟ್ಟುಕೊಂಡೇ ಬರುತ್ತಾರೆ. ನೋಡುವವರು ಯಾರೂ ಇಲ್ಲದ್ದರಿಂದ ಆ ಜೀವ ಬೇಗ ಮುಗಿಯುತ್ತದೆ. ಇದನ್ನು ತಡೆಯಬೇಕೆಂದೇ ಕಚೇರಿ ಬಂತು. ಕಾವಲಿಗೆ ಜನ ಸಿಗಲಿಲ್ಲ. ಕಡೆಗೆ ಯಾರಿಗೋ ಹೊಳೆಯಿತು, ಹುಟ್ಟು ಕಿವುಡರನ್ನು ಇಟ್ಟರೆ ಅವರಿಗೆ ಏನೂ ಆಗುವುದಿಲ್ಲ ಎಂದು. ಅಂದಿನಿಂದ ಪ್ರತಿ ಮಳೆಗಾಲ ಜೌಗಿನ ಕಾವಲು ಕಿವುಡರದು. ಹೋದ ವರ್ಷ ಅವರಲ್ಲಿ ಉಳಿದವಳು ಈರವ್ವ ಒಬ್ಬಳೇ, ಕಾಯಲು ಉಳಿದದ್ದೂ ಒಂದೇ ಹಕ್ಕಿ.

ಆ ಹಕ್ಕಿಯ ಹೆಸರು ಜೊಂಡುಗುಮ್ಮ. ಕೊಕ್ಕರೆಯ ಜಾತಿ, ಒಣಜೊಂಡಿನ ಬಣ್ಣ. ಕೊಕ್ಕು ಮೇಲೆತ್ತಿ ನಿಂತರೆ ಎದುರಿಗಿದ್ದರೂ ಕಾಣುವುದಿಲ್ಲ. ಮಳೆಗಾಲದ ಬೆಳಗಿನ ಜಾವ ಗಂಡುಹಕ್ಕಿ ಗಂಟಲನ್ನು ಚೀಲದ ಹಾಗೆ ಉಬ್ಬಿಸಿ ಕೂಗಿದರೆ ಊರಿನ ಕಿಟಕಿಗಳವರೆಗೂ ಮುಟ್ಟುತ್ತದೆ. ಅದು ದೊಡ್ಡ ಕೂಗು. ಅದಾದ ಮೇಲೆ ಒಂದು ಸಣ್ಣ ಕೂಗು ಇದೆ, ಜೊಂಡಿನ ನಡುವೆ ಕಟ್ಟಿದ ಅಟ್ಟಣಿಗೆಯ ಮೇಲೆ ಇದ್ದವರಿಗೆ ಮಾತ್ರ ಕೇಳುವಂಥದು. ಕೇಳುತ್ತದೆ ಎಂದು ಕಚೇರಿಯ ಕರಪತ್ರದಲ್ಲಿ ಬರೆದಿತ್ತು. ನಾನು ಕೇಳಿರಲಿಲ್ಲ. ಹೊರಗಿನವರನ್ನು ಅಟ್ಟಣಿಗೆಗೆ ಹತ್ತಿಸಿ, ಹಕ್ಕಿಯ ಊಟ, ಗೂಡು, ಹಾರಾಟ ಎಲ್ಲ ವಿವರಿಸಿ, 'ಈಗ ಕೇಳಿಸಿಕೊಳ್ಳಿ' ಎಂದು ಹೇಳಿ, ನಾನು ಮಾತ್ರ ಹಿಂದೆ ಸರಿದು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆ.

ಹೊರಗಿನವರು ಬರುವುದು ಊರಿಗೂ ಬೇಕಾಗಿತ್ತು. ದೊಡ್ಡ ಕೂಗು ಊರಿನಲ್ಲಿ ಯಾರ ಹತ್ತಿ ಸಡಿಲವಾಗಿದೆಯೋ ಅವರಿಗೆ ಬಿದ್ದರೂ, ಆಮೇಲಿನ ಸಣ್ಣ ಕೂಗು ಬೀಳುವುದು ಹೊರಗಿನವರ ಕಿವಿಗೆ. ಕಡೆಗೆ ಕೇಳಿದವರು ಅವರೇ ಆಗುತ್ತಾರೆ. ಆದದ್ದು ಅವರೂರಿನಲ್ಲಿ ಆಗಲಿ ಎಂಬುದು ಊರಿನ ಲೆಕ್ಕ. ಬಾಯಿ ಬಿಟ್ಟು ಯಾರೂ ಹೀಗೆ ಹೇಳುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹೆಂಗಸು ತನ್ನ ಗಂಡನ ಕೈಹಿಡಿದು ಕಚೇರಿಗೆ ಬಂದಿದ್ದಳು. ನನಗಿಂತ ಮೊದಲು ಇದ್ದ ಪ್ರಚಾರದವರು ಅವನನ್ನು ಕರೆತಂದು ಯಾವುದೋ ಟಿಟ್ಟಿಭ ಹಕ್ಕಿಯನ್ನು ಕೇಳಿಸಿದ್ದರಂತೆ. ಅವನು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಕೂಗುತ್ತಿದ್ದ. ಹೆಂಗಸು ಮಾತ್ರ, ಇದಕ್ಕೆ ಏನಾದರೂ ಔಷಧ ಇದೆಯಾ ಎಂದು ಕೇಳುತ್ತಿದ್ದಳು. ಚಹಾ ಕೊಟ್ಟು ಬಸ್ಸು ಹತ್ತಿಸಿದರು. ಆ ದಿನವೇ ನಾನು ಕೆಲಸ ಬಿಡಬೇಕೆಂದಿದ್ದೆ. ಜೌಗಿನಲ್ಲಿ ಆಗ ಜೊಂಡುಗುಮ್ಮಗಳು ಗುಂಪುಗುಂಪಾಗಿದ್ದವು, ಕೊನೆಯದು ಎಂಬ ದಿನ ದೂರವಿದೆ ಎಂದುಕೊಂಡು ಉಳಿದೆ.

ಆ ದಿನ ಹೋದ ಶ್ರಾವಣದಲ್ಲಿ ಬಂತು. ಬಲೆಯವರು ಬಿಟ್ಟುಹೋದ ನೈಲಾನು ಬಲೆಗೆ ಸಿಕ್ಕಿ ಹಕ್ಕಿಯ ರೆಕ್ಕೆಯ ಬುಡ ಕೊಯ್ದುಹೋಗಿತ್ತು. ಈರವ್ವ ಎಳೆಎಳೆಯಾಗಿ ಬಲೆ ಕತ್ತರಿಸಿ ಬಿಡಿಸಿ, ಅಟ್ಟಣಿಗೆಯ ಕೆಳಗೆ ಜೊಂಡು ಮುರಿದು ಹಾಸಿ, ಅದರ ಮೇಲೆ ಬಿಟ್ಟಿದ್ದಳು. ನಾವಿಬ್ಬರೂ ಕೈಯಲ್ಲಿ ಮಾತಾಡುತ್ತಿದ್ದೆವು. ಗದ್ದದ ಕೆಳಗೆ ಮುಷ್ಟಿ ಇಟ್ಟು ಉಬ್ಬಿಸಿದರೆ ಜೊಂಡುಗುಮ್ಮ. ಆ ದಿನ ಅವಳು ಮುಷ್ಟಿ ಇಟ್ಟು, ಮೆಲ್ಲಗೆ ಬಿಚ್ಚಿ, ಅಂಗೈ ನೆಲಕ್ಕೆ ಹಾಕಿದಳು. ಇನ್ನು ಹೆಚ್ಚು ಹೊತ್ತಿಲ್ಲ ಎಂದು. ಸಣ್ಣ ಮೀನು ಹಿಡಿದು ಕೊಕ್ಕಿನ ಹತ್ತಿರ ಇಟ್ಟರೆ ತಿನ್ನುತ್ತಿರಲಿಲ್ಲ. ಪಟ್ಟಣಕ್ಕೆ ಒಯ್ದು ಔಷಧ ಹಾಕಿಸೋಣ ಎಂದು ನಾನು ನಿರಂಜನ ಸಾಹೇಬರನ್ನು ಕೇಳಿದೆ. ಅವರು ಹೊರಗಿನಿಂದ ಬಂದ ಅಧಿಕಾರಿ, ಒಳ್ಳೆಯ ಇಸ್ತ್ರಿಯ ಅಂಗಿಯವರು. "ನೋಡಿ ಕಸ್ತೂರಿ, ಕಾಡುಜೀವವನ್ನು ಜಾಗ ಬಿಟ್ಟು ಕದಲಿಸೋ ಹಾಗಿಲ್ಲ. ಅನುಮತಿ ಬರಬೇಕು" ಎಂದರು. ಅನುಮತಿ ಎಲ್ಲಿಂದ, ಯಾವಾಗ ಬರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಸಂಜೆ ಕಚೇರಿಗೆ ಗದಿಗೆಪ್ಪ ಬಂದ. ಹತ್ತಿಯ ದೊಡ್ಡ ವ್ಯಾಪಾರಿ, ಊರಿನ ಹಿರಿಯ. ಮಳೆಗೆ ತೊಯ್ದ ಟವೆಲ್ಲನ್ನು ಹಿಂಡುತ್ತ ಬಾಗಿಲಲ್ಲೇ ನಿಂತ.

"ನಾಳೆ ಅಟ್ಟಣಿಗಿಗೆ ಯಾರ್ ಬರಾಕತ್ತಾರ ತಂಗಿ?"

"ಯಾರೂ ಇಲ್ರಿ. ಮಳಿ ಹಿಡದೈತಿ. ಬಸ್ಸಿನಾಗ ಒಬ್ಬರೂ ಇಳದಿಲ್ಲ."

"ಹಂಗಂದ್ರ ಹೆಂಗ? ಯಾರನ್ನಾರ ಕರಕೊಂಡ ಬಾ."

"ನಾನೇನ್ ಕುರಿ ತರಾಕ ಹೋಗ್ಲೇನ್ರಿ ಯಜಮಾನ್ರ?"

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. "ನಮ್ಮ ಮನ್ಯಾಗ ಕೂಸೈತಿ" ಎಂದ. "ಕಿವಿಯಾಗ ಹತ್ತಿ ಇಟ್ಟಂಗ ಇಟ್ಟಂಗ ಕಿತ್ತ ಒಗಿತೈತಿ. ಕೈ ಕಟ್ಟಿದ್ರ ಅಳತೈತಿ. ಅದರ ಬಾಯಾಗ ಇನ್ನೂ ಅವ್ವ ಅನ್ನೂದ ಬಂದಿಲ್ಲ. ಬರೂಕಿಂತ ಮೊದ್ಲ ಹೋಗ್ಬೇಕೇನು, ನೀನ ಹೇಳು."

ಸಾಹೇಬರು ಕಿಟಕಿಯ ಹೊರಗೆ ನೋಡುತ್ತ, "ಜೀಪು ತಗೊಂಡು ಹೋಗಿ ಬನ್ನಿ. ಪ್ರಚಾರ ಅಂತ ಅಂದುಕೊಳ್ಳಿ" ಎಂದರು.

ಹೋದೆ. ದೊಡ್ಡ ರಸ್ತೆ ಕೂಡುವಲ್ಲಿ ಒಂದು ಬಸ್ಸು ಕೆಟ್ಟು ನಿಂತಿತ್ತು. ಜನ ಚಹಾದಂಗಡಿಯ ತಗಡಿನ ಕೆಳಗೆ ನಿಂತಿದ್ದರು, ಅವರ ನಡುವೆ ಒಬ್ಬ ಗಂಡಸು ಎಲ್ಲರನ್ನೂ ನಗಿಸುತ್ತಿದ್ದ. ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವನು, ಹೆಸರು ಶಂಕ್ರಪ್ಪ. ಪಕ್ಕದಲ್ಲಿ ಹೆಂಡತಿ ಲಲಿತವ್ವ. ನಾನು ಮೈಕಿನ ದನಿಯಲ್ಲಿ, ಅಪರೂಪದ ಹಕ್ಕಿ, ಉಚಿತ ವಸತಿ, ಬೆಳಗ್ಗೆ ಬಿಸಿ ಉಪ್ಪಿಟ್ಟು ಎಂದು ಹೇಳಿದೆ. ಅವನು ಹೆಂಡತಿಯ ಮುಖ ನೋಡಿದ, ಅವಳು ಕೆಟ್ಟ ಬಸ್ಸಿನ ಮುಖ ನೋಡಿದಳು, ಇಬ್ಬರೂ ಜೀಪು ಹತ್ತಿದರು. ದಾರಿಯುದ್ದಕ್ಕೂ ಅವನ ಬಾಯಿಗೆ ಬಿಡುವಿರಲಿಲ್ಲ. ವಸತಿಯ ಕೋಣೆಗೆ ಬಂದು ನಾನು ಊಟ ಬಡಿಸುತ್ತಿದ್ದರೆ, ಹೆಂಡತಿಯ ಚೀಲವನ್ನು ಮೇಲೆತ್ತಿ ಹಿಡಿದು ಸವಾಲು ಶುರು ಮಾಡಿದ.

"ಹಳೇ ಚೀಲ, ಹಿಡಿಕಿ ಹರದೈತಿ, ಒಳಗ ಹೊಸಾ ಸೀರಿ ಐತಿ, ಸೀರಿ ಒಳಗ ಮಡಚಿಟ್ಟ ಸಿಟ್ಟ ಐತಿ. ಯಾರ್ ಕೇಳ್ತೀರಿ, ಯಾರ್ ಕೇಳ್ತೀರಿ?"

"ನಾನ ಕೇಳ್ತೀನಿ, ಇಡ್ರಿ ಕೆಳಗ" ಎಂದಳು ಲಲಿತವ್ವ. ನನ್ನ ಕಡೆ ತಿರುಗಿ, "ಇವ್ರ ಮಾರಿ ನೋಡಿ ಯಾರ್ ಹೆಣ್ಣ ಕೊಡ್ತಿದ್ರು ಅಕ್ಕಾರ? ನಾನು ಅಡತಿ ಅಂಗಡಿ ಹಿಂದ ಉಳ್ಳಾಗಡ್ಡಿ ಆರಸಾಕ ಕುಂದರ್ತಿದ್ದೆ. ಈ ದನಿ ಕೇಳಿ ಕೇಳಿ ಲಗ್ನಾದೆ. ಜಗಳಾದ್ರ ನನ್ನ ಸವಾಲಿಗೆ ಇಡ್ತಾರ. ನಗು ಬರ್ತೈತಿ, ಜಗಳ ಅಲ್ಲೇ ಮುಗೀತೈತಿ" ಎಂದಳು.

ನಾನೂ ನಕ್ಕೆ. ನಗುತ್ತಿದ್ದಾಗಲೇ ಕಚೇರಿಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತ ಆ ಗಂಡಸು ನೆನಪಾದ. ಬಟ್ಟಲಿಗೆ ಸಾರು ಹಾಕುತ್ತಿದ್ದ ಕೈ ನಿಂತಿತು. ಈ ಇಬ್ಬರಲ್ಲಿ ಯಾರ ಕಿವಿಗೆ ಬಿದ್ದರೂ ಆ ಮನೆಯಲ್ಲಿ ನಗು ಉಳಿಯುವುದಿಲ್ಲ ಎನ್ನಿಸಿತು. ಕರೆತಂದವಳು ನಾನೇ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಾಗೆಂದು ಯಾರೂ ಅಟ್ಟಣಿಗೆಗೆ ಹೋಗದಿದ್ದರೆ ಗದಿಗೆಪ್ಪನ ಮನೆಯ ಕೂಸು ಇತ್ತು. ಯಾರಾದರೊಬ್ಬರು ಸಣ್ಣ ಕೂಗು ಕೇಳಲೇಬೇಕಾಗಿತ್ತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ನಾಳೆ ನಾನ ಕೇಳ್ತೀನಪಾ" ಎಂದೆ. ಅಪ್ಪ ಎದ್ದು ಬಂದು ಎರಡೂ ಅಂಗೈಗಳಿಂದ ನನ್ನ ಎರಡೂ ಕಿವಿಗಳನ್ನು ಮುಚ್ಚಿ ಹಿಡಿದ. ಎಷ್ಟೋ ಹೊತ್ತು ಬಿಡಲಿಲ್ಲ. ಅವನ ಕೈಗಳು ನಡುಗುವುದು ನನ್ನ ತಲೆಯೊಳಗೆ ಕೇಳಿಸುತ್ತಿತ್ತು.

ಇನ್ನೂ ಬೆಳಕಾಗುವ ಮೊದಲೇ ಗಂಡಹೆಂಡತಿಯನ್ನು ಎಬ್ಬಿಸಿ, ಹಕ್ಕಿ ಹಾರಿಹೋಯಿತೆಂದು ಸುಳ್ಳು ಹೇಳಿ, ಹಾಲಿನ ವ್ಯಾನಿಗೆ ಹತ್ತಿಸಿದೆ. ಜೌಗಿನ ಗಾಳಿ ಕಿವಿಗೆ ಕೆಟ್ಟದ್ದು ಎಂದು ಹೇಳಿ ಮೇಣದ ಹತ್ತಿಯನ್ನು ನಾನೇ ಇಬ್ಬರ ಕಿವಿಗೂ ಇಟ್ಟೆ. ಅದಕ್ಕೆ ಮೊದಲು ಶಂಕ್ರಪ್ಪ ಕೇಳಿದ, "ಹಕ್ಕಿ ಹಾರಿ ಹೋತಂದ್ರೇನ್ರಿ? ಹೋಗ್ಲಿ ಬಿಡ್ರಿ. ಬರೂ ವರ್ಷ ಬಂದ್ರ ಇರ್ತೈತಲ್ಲ?"

"ಇರ್ತೈತ್ರಿ" ಎಂದೆ.

ವ್ಯಾನು ಹೋಯಿತು. ನಾನು ಜೊಂಡಿನ ದಾರಿಯಲ್ಲಿ ಓಡಿದೆ. ಈರವ್ವ ಅಟ್ಟಣಿಗೆಯ ಏಣಿಯ ಹತ್ತಿರ ನಿಂತಿದ್ದಳು. ನನ್ನ ಬೆನ್ನ ಹಿಂದೆ ಇಣುಕಿ, ಯಾರೂ ಇಲ್ಲದ್ದನ್ನು ಕಂಡು, ಎಲ್ಲಿ ಎಂದು ಕೈ ತಿರುಗಿಸಿದಳು. ನಾನು ಕಿವಿಯಿಂದ ಹತ್ತಿ ತೆಗೆದು ನೀರಿಗೆ ಎಸೆದೆ. ಅವಳಿಗೆ ತಿಳಿಯಿತು. ಓಡಿಬಂದು ನನ್ನ ರಟ್ಟೆ ಹಿಡಿದು ದಾರಿಯ ಕಡೆಗೆ ಎಳೆದಳು. ಗಟ್ಟಿ ಹೆಂಗಸು, ನನ್ನ ರವಿಕೆಯ ತೋಳು ಹರಿಯಿತು. ನಾನು ಏಣಿಯ ಕಂಬವನ್ನು ತಬ್ಬಿಕೊಂಡು ಬಿಡಲಿಲ್ಲ. ಅವಳು ತನ್ನ ಬಾಯಿಯನ್ನು ತೋರಿಸಿ, ಇಲ್ಲ ಎಂದು ತಲೆಯಾಡಿಸಿ, ನನ್ನ ಬಾಯಿಯನ್ನು ತೋರಿಸಿ, ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡಳು. ಮಾತಿಲ್ಲದೆ ಇರುವುದು ಏನೆಂದು ನನಗೆ ಗೊತ್ತು, ನಿನಗೆ ಬೇಡ ಎನ್ನುತ್ತಿದ್ದಳು. ಇಬ್ಬರೂ ಅಳುತ್ತಿದ್ದೆವು. ಅಷ್ಟರಲ್ಲಿ ಕಾಲ ಕೆಳಗಿನ ಹಲಗೆ ಕಂಪಿಸಿತು.

ದೊಡ್ಡ ಕೂಗು ಅಷ್ಟೇನೂ ದೊಡ್ಡದಾಗಿರಲಿಲ್ಲ. ಹಕ್ಕಿಗೆ ಶಕ್ತಿ ಇರಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಮಳೆಯ ಹನಿಗಳ ಸದ್ದು. ಆಮೇಲೆ ಸಣ್ಣ ಕೂಗು ಬಂತು. 'ಖಾಲಿ ಕೊಡದ ಬಾಯಿಗೆ ಊದಿದಂಥ ಗಂಭೀರ ನಾದ' ಎಂದು ಕರಪತ್ರದಲ್ಲಿತ್ತು, ನಾನು ಎಷ್ಟೋ ವರ್ಷ ಅದನ್ನೇ ಮೈಕಿನಲ್ಲಿ ಸಾರಿದ್ದೆ. ಹಾಗೇನೂ ಇರಲಿಲ್ಲ. ಮಲಗಿದ ಮಗು ಎದ್ದೀತೆಂದು ಯಾರೋ ಒಳಮನೆಯಲ್ಲಿ ತುಂಬಿದ ಕೊಡವನ್ನು ಮೆಲ್ಲಗೆ ನೆಲಕ್ಕೆ ಇಟ್ಟ ಹಾಗಿತ್ತು. ಕೂಗಿ, ಹಕ್ಕಿ ಕತ್ತು ಓರೆ ಮಾಡಿ ಜೊಂಡಿನ ಕಡೆ ಕಾಯಿತು. ಯಾವ ಹೆಣ್ಣೂ ಉತ್ತರ ಕೊಡಲಿಲ್ಲ. ಮತ್ತೆ ಕತ್ತು ಹಾಸಿಗೆಗೆ ಇಳಿಯಿತು.

ಆ ದಿನವೆಲ್ಲ ನಾನು ಮಾತಾಡಿದೆ. ಅವಧಿ ಮೀರಲಿರುವ ಔಷಧಿಯನ್ನು ಮುಗಿಸುವವಳ ಹಾಗೆ ಮಾತಾಡಿದೆ. ಜೀಪಿನ ಚಾಲಕನಿಗೆ ಅವನ ಮೀಸೆಯ ಬಗ್ಗೆ ಹೇಳಬೇಕೆಂದಿದ್ದನ್ನೆಲ್ಲ ಹೇಳಿದೆ. ತರಕಾರಿಯವಳ ಜತೆ ಸುಮ್ಮನೆ ಚೌಕಾಸಿ ಮಾಡಿದೆ. ಗದಿಗೆಪ್ಪ ಅಂಗಡಿಯಿಂದ, "ಬಂದಿದ್ರೇನು? ಕೇಳಿದ್ರೇನು?" ಎಂದ. "ಹೂನ್ರಿ, ಚಲೋ ಕೇಳಿದ್ರು" ಎಂದೆ. ಅವನು ಒಳಗೆ ಹೋಗಿ ಸೊಸೆಗೆ ಹೇಳಿದ್ದು ಹೊರಗೆ ಕೇಳಿಸಿತು, ಅವಳು ಕೂಸನ್ನು ಮುದ್ದಿಸಿದ್ದೂ ಕೇಳಿಸಿತು. ಮನೆಗೆ ಬಂದು ಅವ್ವ ಹಾಡುತ್ತಿದ್ದ ಬೀಸುವ ಪದಗಳನ್ನು ಅಪ್ಪನಿಗೆ ಹಾಡಿದೆ. ನನ್ನ ರಾಗ ಕೆಟ್ಟದ್ದು. ಅಪ್ಪ ಗೋಡೆಗೆ ಮುಖ ಮಾಡಿ ಕೂತು ಕೇಳಿದ.

ಸೂರ್ಯ ಮುಳುಗುವ ಮೊದಲು ಅಟ್ಟಣಿಗೆಯ ಮೇಲೆ ಕೆಂಪು ಬಟ್ಟೆ ಏರಿತು. ಒಂದು ಜಾತಿ ಮುಗಿದರೆ ಕಾವಲಿನವರು ಅದನ್ನು ಏರಿಸುತ್ತಾರೆ. ಊರೆಲ್ಲ ಕಿವಿಯಿಂದ ಹತ್ತಿ ತೆಗೆಯಿತು. ಬಟ್ಟೆ ಏರಿದ ಮರುದಿನ ಬೆಳಗ್ಗೆ ನಮ್ಮೂರಿನಲ್ಲಿ ಒಂದು ಪದ್ಧತಿ ಇದೆ, ಎದ್ದ ಕೂಡಲೇ ಮನೆಮನೆಯಲ್ಲೂ ಒಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು ಕರೆಯುತ್ತಾರೆ. ಕರೆದವರಿಗೆ ಹೆಸರು ಬಂದರೆ ಬಚಾವಾದ ಹಾಗೆ. ಆ ಬೆಳಗ್ಗೆಯೂ ಓಣಿಯುದ್ದಕ್ಕೂ ಹೆಸರುಗಳು ಶುರುವಾದವು. ಶಿವಮ್ಮಾ, ಮೌಲಾ, ಏ ಬಾಳವ್ವ, ರೀ, ಯಣ್ಣಾ. ಗದಿಗೆಪ್ಪನ ಮನೆಯಲ್ಲಿ ಕೂಸು ಕೂಸಿನ ದನಿಯಲ್ಲೇ ಅತ್ತಿತು. ಅಪ್ಪ ನನ್ನ ಹಾಸಿಗೆಯ ಪಕ್ಕ ಕೂತಿದ್ದ, ಯಾವಾಗಿನಿಂದ ಕೂತಿದ್ದನೋ. ನಾನು ಬಾಯಿ ತೆರೆಯಲಾರದೆ ಹೊದಿಕೆ ಕಚ್ಚಿಕೊಂಡು ಮಲಗಿದ್ದೆ. ಅವನು ಭುಜ ತಟ್ಟಿದ. ಇನ್ನೊಮ್ಮೆ ತಟ್ಟಿದ. ತೆರೆದೆ.

"ಅಪಾ" ಎಂದೆ.

ಅಪ್ಪ ಎರಡೂ ಕೈಯಿಂದ ನೆಲ ಬಡಿದು ವಟಗುಟ್ಟಿದ. ನನಗೆ ಏನೂ ಅರ್ಥವಾಗಲಿಲ್ಲ. ಹಕ್ಕಿ ಸತ್ತಿಲ್ಲವೇ, ಬಟ್ಟೆ ತಪ್ಪಿ ಏರಿತೇ ಎಂದುಕೊಳ್ಳುವಷ್ಟರಲ್ಲಿ ಕಿಟಕಿಯ ಗಾಜು ಕಂಪಿಸಿತು. ದೊಡ್ಡ ಕೂಗು. ಅದು ಜೌಗಿನ ಕಡೆಯಿಂದ ಬರಲಿಲ್ಲ, ಹಿಂದಿನ ಓಣಿಯಿಂದ ಬಂತು. ಹಿಂದಿನ ಓಣಿಯಲ್ಲಿ ಈರವ್ವನ ಮನೆ.

ಹೋಗುವಷ್ಟರಲ್ಲಿ ಜನ ಸೇರಿದ್ದರು. ಈರವ್ವ ಹೊಸ್ತಿಲ ಮೇಲೆ ಕೂತಿದ್ದಳು. ಗಂಟಲು ಉಬ್ಬಿತ್ತು, ಕಣ್ಣು ಹೊರಗೆ ಬಂದಿದ್ದವು. ತನಗೆ ಏನಾಗುತ್ತಿದೆಯೆಂದು ತಿಳಿಯದೆ ಎಲ್ಲರ ಬಾಯಿಗಳನ್ನು ನೋಡುತ್ತಿದ್ದಳು. ನನ್ನನ್ನು ಕಂಡು ಕೈಗಳು ಓಡಿದವು. ನಿನ್ನೆ ಸಂಜೆ ಹಕ್ಕಿ ತಣ್ಣಗಾಗತೊಡಗಿದಾಗ ತೊಡೆಯ ಮೇಲೆ ಎತ್ತಿಕೊಂಡಳಂತೆ. ಉಸಿರು ಇದೆಯೋ ಇಲ್ಲವೋ ನೋಡಲು ಗಂಟಲ ಮೇಲೆ ಅಂಗೈ ಇಟ್ಟಳಂತೆ. ಅಂಗೈಯ ಕೆಳಗೆ ಗಂಟಲು ಉಬ್ಬಿತು. ಏನೋ ಒಂದು ಅಲ್ಲಿಂದ ಅವಳ ಮೊಣಕೈವರೆಗೆ ಬಂತು, ಎದೆಗೆ ಬಂತು, ನಿಂತಿತು. ಅಷ್ಟೇ. ಅವಳು ಇದನ್ನು ಹೇಳುತ್ತಿದ್ದಾಗ ಮುಖದಲ್ಲಿ ಭಯ ಇತ್ತು, ಭಯವಲ್ಲದ್ದೂ ಇತ್ತು. ಜೀವಮಾನದಲ್ಲಿ ಅವಳಿಗೆ ಯಾರೂ ಏನನ್ನೂ ಕೇಳಿಸಿರಲಿಲ್ಲ. ಕಿವಿಯಿಂದಲೇ ಕೇಳಬೇಕು ಎಂದು ಜೌಗು ನಮಗೆ ಯಾವತ್ತೂ ಹೇಳಿರಲಿಲ್ಲ, ನಾವೇ ಹಾಗೆ ತಿಳಿದು ಕಿವುಡರನ್ನು ಕಾವಲಿಗೆ ಕೂರಿಸಿದ್ದೆವು.

ಊರು ಹಗುರಾಯಿತು. ನನಗೆ ಸಹಿಸಲಾಗದ್ದು ಅದೇ. "ದೇವ್ರು ದೊಡ್ಡಾಂವ" ಎಂದ ಗದಿಗೆಪ್ಪ. "ಯಾರಿಗೂ ಲುಕ್ಸಾನ ಆಗ್ಲಿಲ್ಲ. ಅಕಿ ಹೆಂಗಿದ್ರೂ ಮಾತಾಡ್ತಿದ್ದಿಲ್ಲ." ಓಣಿಯವರೆಲ್ಲ ತಲೆಯಾಡಿಸಿದರು. ಮಧ್ಯಾಹ್ನ ಒಂದೆರಡು ಮನೆಗಳಲ್ಲಿ ಹೋಳಿಗೆಯ ವಾಸನೆ ಬಂತು. ನಾನು ರಸ್ತೆಯಲ್ಲಿ ನಿಂತು ನನ್ನ ಉಳಿದ ಗಂಟಲನ್ನೆಲ್ಲ ಬಳಸಿ ಎಲ್ಲರನ್ನೂ ಬೈದೆ. ಕೆಟ್ಟ ಬೈಗುಳ, ಅಪ್ಪ ಡಂಗುರದ ಕಾಲದಲ್ಲಿ ಕುಡುಕರಿಗೆ ಬೈಯುತ್ತಿದ್ದಂಥವು. ಮುಂಚಿನ ರೂಢಿಯಂತೆ ಕೆಲವರು ಕಿವಿಗೆ ಕೈ ಹಾಕಿದರು, ಹತ್ತಿ ಇರಲಿಲ್ಲ.

ಮುಂದಿನ ಬೇಸಿಗೆ ಕಳೆದು ಮೊದಲ ಮಳೆಯ ಹೊತ್ತಿಗೆ ಸಾಹೇಬರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಹೊಸ ಫಲಕದ ನಕಾಶೆ ಇತ್ತು. ಜೊಂಡುಗುಮ್ಮನ ಚಿತ್ರ, ಕೆಳಗೆ 'ಬನ್ನಿ, ಇಲ್ಲಿ ಇನ್ನೂ ಕೇಳಬಹುದು'.

"ಈರವ್ವನನ್ನು ಅಟ್ಟಣಿಗೆ ಮೇಲೆ ಕೂರಿಸೋಣ. ಅವಳಿಗೂ ಕೆಲಸ ಆಯ್ತು. ನೀವು ವಿವರಣೆ ಕೊಡಿ. ಈಗ ಯಾರಿಗೂ ಅಪಾಯ ಇಲ್ಲ, ನೋಡಿ. ಊರಿನವರೂ ಬರ್ತಾರೆ."

"ಅಕಿಗೆ ಕೇಳೀರೇನ್ರಿ?"

"ಅವಳಿಗೆ ಕೇಳಿಸುತ್ತಾ?" ಎಂದು ಅವರು ನಕ್ಕರು. ಕೆಟ್ಟ ಮನುಷ್ಯರಲ್ಲ. ಅದು ತಮಾಷೆ ಎಂದುಕೊಂಡರು. ನಾನು ಮೈಕನ್ನು ಅವರ ಮೇಜಿನ ಮೇಲೆ ಇಟ್ಟು ಬಂದೆ.

ಈರವ್ವ ಹೋಗುತ್ತಾಳೆ. ಹೊಟ್ಟೆಯ ಪಾಡು, ಜತೆಗೆ ಅಟ್ಟಣಿಗೆ ಅವಳಿಗೆ ಇಷ್ಟ. ನಮ್ಮೂರಿನವರು ಈಗ ಗುಂಪುಗುಂಪಾಗಿ ಬರುತ್ತಾರೆ, ಬರಿಗಿವಿಯಲ್ಲಿ, ಬುತ್ತಿ ಕಟ್ಟಿಕೊಂಡು. ಹಕ್ಕಿ ಇದ್ದಾಗ ಒಂದು ದಿನ ಕೇಳದವರು ಈಗ ಕಣ್ಣು ಮುಚ್ಚಿ ಕೇಳಿ, "ಎಷ್ಟ ಚಂದ ಐತಿ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಗದಿಗೆಪ್ಪ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾನೆ. ಅದು ಈಗ ಅವ್ವ ಎನ್ನುತ್ತದೆ, ಅಜ್ಜ ಎನ್ನುತ್ತದೆ, ಗುಮ್ಮ ಎನ್ನುತ್ತದೆ. ಅದರ ಮಾತು ಕೇಳಿದರೆ ನನಗೆ ಸಂತೋಷವಾಗುತ್ತದೆ, ಸುಳ್ಳೇಕೆ ಹೇಳಲಿ. ಬಲೆಯವರು ಈಗ ಜೌಗಿನ ಆಚೆ ದಂಡೆಯಲ್ಲಿದ್ದಾರೆ. ಅಲ್ಲಿ ಒಂದು ಜಾತಿಯ ನೀರುಬಾತು ಕಡಿಮೆಯಾಗುತ್ತಿದೆಯಂತೆ, ಅಂಗಡಿಗಳಲ್ಲಿ ಹೊಸ ಹತ್ತಿ ಬಂದಿದೆ.

ಅಟ್ಟಣಿಗೆಗೆ ಹೊರಡುವ ಮೊದಲು, ಇನ್ನೂ ಕತ್ತಲಿರುವಾಗ, ಈರವ್ವನಿಗೆ ತನ್ನ ಮನೆಯಲ್ಲೇ ಒಮ್ಮೆ ಕೂಗು ಬರುತ್ತದೆ. ಅದು ಅವಳ ಕೈಯಲ್ಲಿಲ್ಲ. ದೊಡ್ಡದು ಬಂದಾಗ ಗೋಡೆ ಹಿಡಿದುಕೊಳ್ಳುತ್ತಾಳೆ. ಆಮೇಲೆ ಸಣ್ಣದು. ಆಮೇಲೆ ಕತ್ತು ಓರೆ ಮಾಡಿ ಕಾಯುತ್ತಾಳೆ. ಹಾಗೆ ಕಾಯುವುದೂ ಹಕ್ಕಿಯಿಂದಲೇ ಬಂದದ್ದು. ಮೊದಮೊದಲು ಗಂಟೆಗಟ್ಟಲೆ ಹಾಗೇ ಕೂತಿರುತ್ತಿದ್ದಳು. ಕರೆದರೆ ನೋಡುತ್ತಿರಲಿಲ್ಲ, ಅನ್ನ ಮುಟ್ಟುತ್ತಿರಲಿಲ್ಲ. ಒಂದು ದಿನ ನನ್ನನ್ನು ಕೇಳಿದಳು, ಅದು ಹೇಗಿದೆ ಎಂದು, ಮುಷ್ಟಿಯನ್ನು ಗದ್ದದ ಕೆಳಗೆ ಇಟ್ಟು, ಹುಬ್ಬೇರಿಸಿ. ಎಷ್ಟೋ ವರ್ಷ ಊರೂರಿಗೆ ಆ ಹಕ್ಕಿಯನ್ನು ಬಣ್ಣಿಸಿದವಳಿಗೆ ಕೈಗಳಲ್ಲಿ ಏನೂ ಸಿಗಲಿಲ್ಲ. ತುಂಬಿದ ಕೊಡ ಇಳಿಸಿ ತೋರಿಸಿದೆ, ಮಲಗಿದ ಮಗು ತೋರಿಸಿದೆ. ಅವಳು ತಲೆಯಾಡಿಸಲಿಲ್ಲ. ಕಡೆಗೆ ಅವಳ ಅಂಗೈ ತೆಗೆದುಕೊಂಡು ನನ್ನ ಗಂಟಲ ಮೇಲೆ ಇಟ್ಟುಕೊಂಡು ಕೂಗಿದೆ. ಅವಳು ಬೆಚ್ಚಿದಳು. ಮುಖ ಸಡಿಲವಾಯಿತು. ಎದ್ದು ಹೋಗಿ ಒಲೆ ಹಚ್ಚಿದಳು.

ಅಂದಿನಿಂದ ದಿನಾ ಹೋಗುತ್ತೇನೆ. ಬೇರೆ ಊರಿನಲ್ಲಿ ರಾತ್ರಿ ತಂಗುವ ಯಾವ ಕೆಲಸವನ್ನೂ ಒಪ್ಪುವುದಿಲ್ಲ. ನಾನು ಹೋಗದ ಒಂದು ದಿನ ಅವಳು ಸಂಜೆಯವರೆಗೂ ಗೋಡೆ ಬಿಟ್ಟು ಏಳಲಿಲ್ಲವೆಂದು ಪಕ್ಕದ ಮನೆಯವರು ಹೇಳಿದರು. ನನ್ನ ದನಿ ಉಳಿಯಿತಲ್ಲ, ಪುಣ್ಯವಂತೆ ಎಂದು ಜನ ಹೇಳುತ್ತಾರೆ. ಜೊಂಡುಗುಮ್ಮನ ಹೆಣ್ಣು ಹೇಗೆ ಉತ್ತರ ಕೊಡುತ್ತಿತ್ತು ಎಂದು ಕರಪತ್ರದಲ್ಲಿ ಇಲ್ಲ, ಸಾಹೇಬರಿಗೆ ಗೊತ್ತಿಲ್ಲ, ಊರಿನಲ್ಲಿ ಕೇಳಿದವರು ಯಾರೂ ಇಲ್ಲ. ಈರವ್ವ ನನ್ನ ಗಂಟಲ ಮೇಲೆ ಅಂಗೈ ಇಟ್ಟು ಕಾಯುತ್ತಾಳೆ. ನಾನು ಅಂದಾಜಿನಲ್ಲಿ ಕೂಗುತ್ತೇನೆ.